ಎರಡು ಕ್ಯಾಮೆರಾ, ಹಿಂದೆ ನಿಂತ ಮಂಜಯ್ಯ

ಹೊಸನಗರದ ಬಸ್ ಸ್ಟ್ಯಾಂಡಿನ ಎದುರಿಗೆ, ಔಷಧಿ ಅಂಗಡಿಯ ಮಹಡಿಯ ಮೇಲೆ ಚಿತ್ತಾರ ಸ್ಟುಡಿಯೋ ಇದೆ. ಮದುವೆ, ನಾಮಕರಣ, ಗೃಹಪ್ರವೇಶ ಎಂದು ಬೋರ್ಡಿನ ಮೇಲೆ ಕೆಂಪಕ್ಷರದಲ್ಲಿ ಬರೆಸಿದೆ. ಆದರೆ ಊರಿನವರು ಅದನ್ನು ಓದಿದ ಹಾಗೆ ಕಾಣುವುದಿಲ್ಲ. ಬಸ್ಸಿಳಿದ ಹೊಸಬರು ಸ್ಟುಡಿಯೋ ಎಲ್ಲಿ ಎಂದು ಕೇಳಿದರೆ ಆಟೋದವರು ಮುಖ ಸಣ್ಣದು ಮಾಡಿಕೊಂಡು "ಯಾರು ಹೋಗಿದ್ದು?" ಎಂದು ಮೊದಲು ವಿಚಾರಿಸುತ್ತಾರೆ. ಮೆಟ್ಟಿಲು ತೋರಿಸುವುದು ಆಮೇಲೆ.

ಸ್ಟುಡಿಯೋದ ಒಡತಿ ಚೈತನ್ಯಾ. ಮೂವತ್ತು ದಾಟಿದವಳು. ಸಾಗರದ ಸ್ಟುಡಿಯೋ ಒಂದರಲ್ಲಿ ಕಂಪ್ಯೂಟರ್ ಮುಂದೆ ಕೂತು ಬೇರೆಯವರ ಮದುವೆ ಆಲ್ಬಮ್ ಜೋಡಿಸುತ್ತ ಕೆಲಸ ಕಲಿತಳು. ಅವಳ ಅಜ್ಜಿ ಕೆರಿಯಮ್ಮ ಮದುವೆಮನೆಯ ಗೋಡೆಗೆ ಹಸೆ ಚಿತ್ತಾರ ಬರೆಯುವುದರಲ್ಲಿ ಎತ್ತಿದ ಕೈ. ದೀವರ ಸಮುದಾಯದವರ ಮನೆಯಲ್ಲಿ ಮದುವೆ ಗೊತ್ತಾಯಿತೆಂದರೆ ಮೊದಲು ಕೆರಿಯಮ್ಮನಿಗೆ ಹೇಳಿ ಕಳಿಸುತ್ತಿದ್ದರಂತೆ. ಆ ನೆನಪಿಗೇ ಮೊಮ್ಮಗಳು ಸ್ಟುಡಿಯೋಗೆ ಚಿತ್ತಾರ ಎಂದು ಹೆಸರಿಟ್ಟಳು. ಅಜ್ಜಿಯನ್ನು ಮದುವೆಗೆ ಕರೆದ ಊರು ಮೊಮ್ಮಗಳನ್ನು ಕರೆದದ್ದು ಮಾತ್ರ ತಿಥಿಗೆ.

ಅದಕ್ಕೂ ಒಂದು ಕಾರಣವಿದೆ. ವಯಸ್ಸಾದವರು ಒಬ್ಬರೇ ಕೂತು ಫೋಟೋ ತೆಗೆಸಿಕೊಳ್ಳಬಾರದು, ತೆಗೆಸಿಕೊಂಡರೆ ಅದಕ್ಕೆ ಹಾರ ಹಾಕುವ ದಿನ ಬೇಗ ಬರುತ್ತದೆ ಎಂದು ಇಲ್ಲಿಯ ಹಳಬರು ನಂಬಿದ್ದಾರೆ. ಹಾಗೆಂದು ಅವರಿಗೆ ಫೋಟೋ ಬೇಡವೆಂದಲ್ಲ. ಗುಂಪಿನಲ್ಲಿ ಎಷ್ಟು ಬೇಕಾದರೂ ನಿಲ್ಲುತ್ತಾರೆ, ಕರೆಯದಿದ್ದರೂ ಬಂದು ನಿಲ್ಲುತ್ತಾರೆ. ಅವರು ತೀರಿಕೊಂಡ ಮೇಲೆ ಮನೆಯವರು ಯಾವುದೋ ಮದುವೆಯ ಗ್ರೂಪ್ ಫೋಟೋ ಹಿಡಿದುಕೊಂಡು ಸ್ಟುಡಿಯೋಗೆ ಬಂದು, ಹಿಂದಿನ ಸಾಲಿನ ಒಂದು ಮುಖದ ಮೇಲೆ ಬೆರಳಿಟ್ಟು, "ಇವರನ್ನ ಬೇರೆ ಮಾಡಿ ಕೊಡಿ" ಅನ್ನುತ್ತಾರೆ. ಆಧಾರ್ ಕಾರ್ಡಿನಲ್ಲಿ ಒಬ್ಬರೇ ಇರುವ ಫೋಟೋ ಇರುತ್ತದಲ್ಲ ಎಂದು ನೀವು ಕೇಳಬಹುದು. ಇರುತ್ತದೆ. ಅದರಲ್ಲಿ ಎಂಥ ಸಂಭಾವಿತರೂ ಕೋಳಿ ಕದ್ದು ಸಿಕ್ಕಿಬಿದ್ದವರ ಹಾಗೆ ಕಾಣುತ್ತಾರೆ, ಅದಕ್ಕೆ ಹಾರ ಹಾಕಲು ಯಾವ ಮಗನಿಗೂ ಮನಸ್ಸು ಬರುವುದಿಲ್ಲ.

ಹೀಗೆ ಮುಖ ಬೇರೆ ಮಾಡುವುದರಲ್ಲಿ ಚೈತನ್ಯಾ ಪಳಗಿದಳು. ಪಕ್ಕದವರ ತಲೆಯ ಹಿಂದೆ ಅಡಗಿದ ಕಿವಿಯನ್ನು ಇನ್ನೊಂದು ಕಿವಿ ನೋಡಿ ಕೂಡಿಸುತ್ತಾಳೆ. ಹೆಗಲ ಮೇಲೆ ಬಿದ್ದ ಭಾವನ ಕೈಯನ್ನು ಗುರುತು ಉಳಿಯದ ಹಾಗೆ ತೆಗೆಯುತ್ತಾಳೆ. ಸಾಗರ, ತೀರ್ಥಹಳ್ಳಿಯಿಂದಲೂ ಜನ ಹುಡುಕಿಕೊಂಡು ಬರತೊಡಗಿದರು. ತಿಥಿ ಫೋಟೋ ಚೈತನ್ಯಾ ಎಂದು ಹೆಸರೂ ಆಯಿತು.

ಹೆಸರಾದದ್ದೇ ಮುಳುವಾಯಿತು. ಮದುವೆಯ ಮಾತು ಬಂದಾಗೆಲ್ಲ ಜನ, "ಕೈ ಒಳ್ಳೇದು, ಅದ್ರಾಗೆ ಮಾತಿಲ್ಲ, ಆದ್ರೆ ಶುಭಕಾರ್ಯಕ್ಕೆ..." ಎಂದು ಅರ್ಧಕ್ಕೇ ನಿಲ್ಲಿಸುತ್ತಿದ್ದರು. ಅವಳ ಕೈಯಲ್ಲಿ ತಂದೆಯ ಫೋಟೋ ಮಾಡಿಸಿಕೊಂಡು ಕಣ್ಣೊರೆಸಿಕೊಂಡವರೇ ಮಗಳ ಮದುವೆಗೆ ಶಿವಮೊಗ್ಗದಿಂದ ಫೋಟೋಗ್ರಾಫರ್ ಕರೆಸಿದರು. ಚೈತನ್ಯಾಳಿಗೆ ಮೈ ಉರಿಯುತ್ತಿತ್ತು. ಸತ್ತವರ ಮೇಲೆ ಅವಳಿಗೇನೂ ಸಿಟ್ಟಿರಲಿಲ್ಲ, ಬದುಕಿದ್ದವರ ಮೇಲೆ ಇತ್ತು. ಮದುವೆ ಫೋಟೋಗ್ರಾಫರ್ ಎಂದು ಕರೆಸಿಕೊಳ್ಳಬೇಕು, ಈ ತಿಥಿಯ ಹೆಸರು ಕಳಚಿ ಬೀಳಬೇಕು, ಇದೊಂದೇ ಅವಳ ಹಂಬಲವಾಗಿತ್ತು. ಊರಿನವರ ಬಾಯಿ ಮುಚ್ಚಿಸುವಷ್ಟು ಚಂದದ ಚಿತ್ರ ತೆಗೆದರೆ ತಾನಾಗಿ ಕಳಚುತ್ತದೆ ಎಂದು ಅವಳು ಲೆಕ್ಕ ಹಾಕಿದ್ದಳು. ಅದಕ್ಕೆ ಅವಳ ಹಳೆಯ ಕ್ಯಾಮೆರಾ ಸಾಲುತ್ತಿರಲಿಲ್ಲ.

ತೀರ್ಥಹಳ್ಳಿಯ ಉಮೇಶ್ ಮದುವೆಗಳ ಫೋಟೋಗ್ರಾಫರ್. ಡ್ರೋನ್ ಹಾರಿಸುತ್ತಾನೆ. ಮದುಮಕ್ಕಳನ್ನು ಆಗುಂಬೆಗೆ ಕರೆದೊಯ್ದು ಮಂಜಿನಲ್ಲಿ ಓಡಿಸಿ, ಅವರಿಗೆ ಶೀತ ಹಿಡಿಸಿ, ಆಮೇಲೆ ಮದುವೆ ಮಾಡಿಸುತ್ತಾನೆ. ಹೊಸ ಮಾಡೆಲ್ ತೆಗೆದುಕೊಂಡ ಅವನು ತನ್ನ ಹಳೆಯ ಎರಡು ಮಿರರ್‌ಲೆಸ್ ಕ್ಯಾಮೆರಾಗಳನ್ನು ಮಾರಲು ಹೊರಟಿದ್ದ. ಎರಡೂ ಒಂದೇ ಕಂಪನಿಯವು. ಒಂದು ಫುಲ್ ಫ್ರೇಮ್, ಅಂದರೆ ಬೆಳಕು ಬೀಳುವ ಅದರ ಸೆನ್ಸರ್ ಹಳೆಯ ಕಾಲದ ಫಿಲ್ಮಿನ ಒಂದು ಚೌಕದಷ್ಟು ದೊಡ್ಡದು. ಇನ್ನೊಂದರ ಸೆನ್ಸರ್ ಅದರ ಅರ್ಧಕ್ಕಿಂತ ಚಿಕ್ಕದು.

"ಎರಡನ್ನೂ ತಗೊಂಡೋಗು ಮಾರಾಯ್ತಿ," ಅಂದ ಉಮೇಶ್. "ನಮ್ಮ ಮುಕುಂದಯ್ಯನೋರ ಮಗಳು ಯಶಸ್ವಿನಿ ಮದುವೆ ಉಂಟಲ್ಲ, ನನ್ ಜೊತೆ ನೀನೂ ಹೊಡಿ. ಯಾವ್ದು ಕೈಗೆ ಹಿಡಿಸ್ತದೋ ಅದನ್ನ ಇಟ್ಕ. ಉಳಿದಿದ್ದು ಸಾಗರದ ಶ್ರೀರಂಗಂಗೆ. ಅವ ಹಕ್ಕಿ ಹಿಂದೆ ತಿರುಗೋನು, ಅವಂಗೆ ಯಾವ್ದಾದ್ರೂ ನಡೀತದೆ."

"ಎರಡಕ್ಕೂ ಎಂತ ವ್ಯತ್ಯಾಸ ಉಮೇಶಣ್ಣ? ಪುಸ್ತಕದಲ್ಲಿ ಇರೋದು ಬೇಡ, ನೀನು ಕಂಡಿದ್ದು ಹೇಳು."

"ಸೂರಿನ ಕೆಳಗೆ ಒಂದು ಕೊಪ್ಪರಿಗೆ ಇಡು, ಒಂದು ಚೊಂಬು ಇಡು. ನೀರು ಎರಡಕ್ಕೂ ಬೀಳ್ತದೆ. ಕೊಪ್ಪರಿಗೆಲಿ ಜಾಸ್ತಿ ನಿಲ್ತದೆ, ಅಷ್ಟೇಯ. ಕತ್ತಲೆ ಛತ್ರದಾಗೂ ದೊಡ್ಡದ್ರಲ್ಲಿ ಚಿತ್ರ ಕಾಳುಕಾಳು ಆಗಲ್ಲ. ಮತ್ತೆ ಹಿಂದಿನ ಬ್ಲರ್ ನೋಡು, ಬೆಣ್ಣೆ. ಈಗ ಎಲ್ರಿಗೂ ಬ್ಲರ್ ಬೇಕು. ಚಿಕ್ಕದು ಹಗುರ, ದೂರದ್ದು ಹತ್ರ ತರ್ತದೆ. ಆದ್ರೆ ಅದ್ರಲ್ಲಿ ಹಿಂದೆ ನಿಂತೋರು, ತೋರಣ, ಫ್ಯಾನು, ಎಲ್ಲ ಕಾಣ್ತವೆ."

ತೀರ್ಥಹಳ್ಳಿಯ ಛತ್ರದಲ್ಲಿ ಮದುವೆಯ ದಿನ ಚೈತನ್ಯಾ ಎರಡನ್ನೂ ಎರಡು ಹೆಗಲಿಗೆ ಹಾಕಿಕೊಂಡು ನಿಂತಳು. ದೊಡ್ಡದಕ್ಕೆ ಝೂಮ್ ಇಲ್ಲದ, ಅಗಲ ಬಾಯಿಯ ಲೆನ್ಸ್. ಚಿಕ್ಕದಕ್ಕೆ ಅದರ ಜೊತೆಗೇ ಬಂದ ಝೂಮ್ ಲೆನ್ಸ್. ಚಿಕ್ಕದು ಹೆಗಲ ಮೇಲೆ ಇದೆಯೋ ಇಲ್ಲವೋ ತಿಳಿಯುತ್ತಿರಲಿಲ್ಲ. ದೊಡ್ಡದು ಮಧ್ಯಾಹ್ನದ ಹೊತ್ತಿಗೆ ಕತ್ತನ್ನು ಒಂದು ಕಡೆ ಎಳೆದು ಹಾಕಿತ್ತು. ಆದರೆ ಅದನ್ನು ಕಣ್ಣಿಗೆ ಹಿಡಿದಾಗ ಅವಳು ಕತ್ತನ್ನು ಮರೆತಳು. ಚೌಕಟ್ಟಿನೊಳಗೆ ಯಶಸ್ವಿನಿಯ ಮುಖ ಬಂದ ಕೂಡಲೇ ಅದು ತಾನೇ ಅವಳ ಕಣ್ಣನ್ನು ಹುಡುಕಿ ಅದರ ಸುತ್ತ ಒಂದು ಹಸಿರು ಚೌಕ ಹಾಕಿ ಹಿಡಿದುಕೊಳ್ಳುತ್ತಿತ್ತು. ತಲೆ ಬಗ್ಗಿಸಿದರೂ ಬಿಡುತ್ತಿರಲಿಲ್ಲ.

ಧಾರೆಯ ಹೊತ್ತಿಗೆ ಮದುಮಗಳ ಹಿಂದೆ ಒಬ್ಬ ಹಿರಿಯರು ಅಕ್ಷತೆಯ ತಟ್ಟೆ ಹಿಡಿದು ನಿಂತಿದ್ದರು. ಹೆಗಲ ಮೇಲೆ ಚೌಕುಳಿ ಟವೆಲ್ಲು. ಯಾವ ಕಡೆಯಿಂದ ಹಿಡಿದರೂ ಅವರು ಚಿತ್ರದೊಳಗೆ ಇರುತ್ತಿದ್ದರು. ಹಳೆಯ ಕ್ಯಾಮೆರಾ ಆಗಿದ್ದರೆ ಚೈತನ್ಯಾ "ಸ್ವಲ್ಪ ಸರೀರಿ" ಅನ್ನಬೇಕಿತ್ತು, ಅವರು ಸರಿದು ಇನ್ನೊಂದು ಮೂಲೆಯಲ್ಲಿ ಮತ್ತೆ ಬರಬೇಕಿತ್ತು. ಈಗ ಆ ತಾಪತ್ರಯವಿರಲಿಲ್ಲ. ಲೆನ್ಸಿನ ಬಾಯನ್ನು, ಅಂದರೆ ಬೆಳಕು ಒಳಬರುವ ಕಿಂಡಿಯನ್ನು, ಪೂರ್ತಿ ತೆರೆದಳು. ತಟ್ಟೆ, ಟವೆಲ್ಲು, ಮುಖ ಎಲ್ಲ ಕರಗಿ, ಯಶಸ್ವಿನಿಯ ಹಿಂದೆ ಬರೀ ಬಣ್ಣ ಉಳಿಯಿತು. ಚೈತನ್ಯಾಳಿಗೆ ಖುಷಿಯಾಯಿತು.

ಮಾರನೇ ದಿನ ಸ್ಟುಡಿಯೋದಲ್ಲಿ ಎರಡರ ಚಿತ್ರಗಳನ್ನೂ ಪಕ್ಕಪಕ್ಕ ಇಟ್ಟು ನೋಡಿದಳು. ಪಕ್ಷಪಾತ ಮಾಡದೆ ನೋಡಬೇಕೆಂದು ಒಂದೇ ಮುಖ, ಒಂದೇ ಬೆಳಕು ಇದ್ದವನ್ನೇ ಆರಿಸಿದ್ದಳು. ಹೊರಗೆ ಚಪ್ಪರದಲ್ಲಿ, ಬೆಳಕು ಧಾರಾಳವಾಗಿದ್ದ ಕಡೆ, ಯಾವುದು ಯಾವುದರದ್ದು ಎಂದು ಹೇಳಲು ಅವಳಿಗೂ ಕಷ್ಟವಾಯಿತು. ಬಣ್ಣ ಒಂದೇ, ಸ್ಪಷ್ಟತೆಯೂ ಒಂದೇ. ಒಳಗೆ ದೀಪದ ಬೆಳಕಿನಲ್ಲಿ ಮಾತ್ರ ಚಿಕ್ಕದರ ಚಿತ್ರದಲ್ಲಿ ಕಪ್ಪು ಜಾಗವೆಲ್ಲ ರವೆ ಚೆಲ್ಲಿದಂತಾಗಿತ್ತು. ದೊಡ್ಡದರಲ್ಲಿ ಕಪ್ಪು ಕಪ್ಪಾಗಿಯೇ ಇತ್ತು. ಊಟದ ಪಂಕ್ತಿ, ವೇದಿಕೆಯ ಗುಂಪು ಇಂಥವಕ್ಕೆ ಚಿಕ್ಕದೇ ಚೆನ್ನ, ಮೊದಲ ಎಲೆಯಿಂದ ಕೊನೆಯ ಎಲೆಯವರೆಗೆ ಎಲ್ಲ ಸ್ಪಷ್ಟ. ಆದರೆ ಊಟದ ಪಂಕ್ತಿಯ ಫೋಟೋ ನೋಡಿ ಯಾರಾದರೂ ಫೋಟೋಗ್ರಾಫರನ್ನು ಹೊಗಳಿದ್ದುಂಟೆ? ದೊಡ್ಡದರಲ್ಲಿ ಬಂದ ಯಶಸ್ವಿನಿ ಮಾತ್ರ ಲೋಕದಲ್ಲಿ ತಾನೊಬ್ಬಳೇ ಇರುವ ಹಾಗೆ ಕಾಣುತ್ತಿದ್ದಳು.

ಆ ಚಿತ್ರ ಮೊಬೈಲಿಂದ ಮೊಬೈಲಿಗೆ ಹಾರಿ ಕೊಪ್ಪದ ಕಡೆಯ ನಾರಾಯಣಮೂರ್ತಿ ಎಂಬವರನ್ನು ಮುಟ್ಟಿತು. ಅವರು ಫೋನ್ ಮಾಡಿ, ತಮ್ಮ ಮಗಳ ಮದುವೆಗೂ ಅವಳೇ ಬರಬೇಕೆಂದರು. "ಹಿಂದೆ ಹಾಗೇ ಮಂಜುಮಂಜಾಗಿ ಬರ್ಬೇಕು ನೋಡಿ, ಅದೇ ನಮ್ಮ ಹುಡುಗಿ ಹಟ." ತಿಥಿ ಫೋಟೋದ ವಿಷಯ ಅವರಿಗೆ ಗೊತ್ತೇ ಇರಲಿಲ್ಲ. ಫೋನಿಟ್ಟ ಚೈತನ್ಯಾ ಒಬ್ಬಳೇ ನಕ್ಕಳು. ದೊಡ್ಡದನ್ನೇ ಇಟ್ಟುಕೊಳ್ಳುವುದೆಂದು ಆಗಲೇ ನಿಶ್ಚಯಿಸಿದಳು. ಶ್ರೀರಂಗ ಊರಲ್ಲಿಲ್ಲ, ಬಂದ ಮೇಲೆ ಹೇಳಿದರೆ ಸಾಕು ಎಂದು ಉಮೇಶ್ ಹೇಳಿದ್ದರಿಂದ ಎರಡೂ ಇನ್ನೂ ಅವಳ ಮೇಜಿನ ಮೇಲೆಯೇ ಇದ್ದವು.

ಆ ವಾರವೇ ಹುಲಿಕಲ್ ಕಡೆಯಿಂದ ವೆಂಕಟ್ರಮಣ ಎಂಬ ಗಂಡಸು ಬಂದ. ಅವನ ತಂದೆ ಮಂಜಯ್ಯ, ಮುಕುಂದಯ್ಯನವರ ಹಳೆಯ ಸ್ನೇಹಿತರು, ಮದುವೆ ಮುಗಿಸಿ ಊರಿಗೆ ಹೋದ ಮೇಲೆ ಎದೆನೋವು ಬಂದು ತೀರಿಕೊಂಡಿದ್ದರು. ಆಧಾರ್ ಕಾರ್ಡಿನದು ಬಿಟ್ಟರೆ ಮನೆಯಲ್ಲಿ ಅವರದೊಂದು ಫೋಟೋ ಇರಲಿಲ್ಲ. ವೆಂಕಟ್ರಮಣನ ಮೊಬೈಲಿನಲ್ಲಿ ಇದ್ದಬದ್ದವೆಲ್ಲ ಮೊಬೈಲಿನ ಜೊತೆಗೇ ಕಳೆದ ಮಳೆಗಾಲದಲ್ಲಿ ಹೊಳೆಯ ಪಾಲಾಗಿದ್ದವು.

"ಯಶಸ್ವಿನಿ ಮದುವೇಲಿ ಅಪ್ಪ ನಿಂತಿದ್ರಂತೆ, ನೀವು ತುಂಬ ಫೋಟೋ ಹೊಡೆದ್ರಂತೆ. ಮುಕುಂದಯ್ಯನೋರು ಹೇಳಿ ಕಳಿಸಿದ್ರು. ಅಕ್ಷತೆ ತಟ್ಟೆ ಹಿಡ್ಕೊಂಡಿದ್ರು," ಅಂದ.

ಚೈತನ್ಯಾಳಿಗೆ ಆ ಚೌಕುಳಿ ಟವೆಲ್ಲು ನೆನಪಾಯಿತು. ಹುಡುಕುವ ಮೊದಲೇ ಅವಳಿಗೆ ಗೊತ್ತಿತ್ತು. ಆದರೂ ಹುಡುಕಿದಳು. ಉಮೇಶನಿಗೂ ಫೋನ್ ಮಾಡಿ ಕೇಳಿದಳು, ಅವನ ಚಿತ್ರಗಳಲ್ಲೂ ಹಿಂದೆ ನಿಂತವರೆಲ್ಲ ಬೆಣ್ಣೆಯಾಗಿದ್ದರು. ದೊಡ್ಡ ಕ್ಯಾಮೆರಾದ ಚಿತ್ರಗಳಲ್ಲಿ ಮಂಜಯ್ಯ ಮದುಮಗಳಷ್ಟೇ ಸಲ ಇದ್ದರು. ಎಲ್ಲದರಲ್ಲೂ ಯಶಸ್ವಿನಿಯ ಭುಜದ ಹಿಂದೆ ಗೋಧಿ ಬಣ್ಣದ ಒಂದು ಮಸುಕು, ಅದರ ಕೆಳಗೆ ಚೌಕುಳಿಯೂ ಉಳಿಯದ ಒಂದು ಕೆಂಪು. ಚಿಕ್ಕ ಕ್ಯಾಮೆರಾದಲ್ಲಿ ಅವರು ಒಂದೇ ಒಂದು ಕಡೆ ಸಿಕ್ಕಿದರು. ಗುಂಪಿನ ಫೋಟೋಕ್ಕೆ ನಿಲ್ಲದೆ ಊಟದ ಪಂಕ್ತಿಯಲ್ಲಿ ಬಗ್ಗಿ ಸಾರು ಬಡಿಸುತ್ತಿದ್ದರು. ಒಂದೊಂದು ಕೂದಲೂ ಎಣಿಸುವಷ್ಟು ಸ್ಪಷ್ಟ. ಕಾಣುತ್ತಿದ್ದದ್ದು ಮಾತ್ರ ನೆತ್ತಿ.

ವೆಂಕಟ್ರಮಣ ಆ ನೆತ್ತಿಯನ್ನು ಬಹಳ ಹೊತ್ತು ನೋಡಿದ. "ಹೆಂಗಾದ್ರೂ ಮಾಡಿ ಕೊಡಿ ಅಕ್ಕ. ತಿಥಿಗೆ ಜನ ಬರ್ತಾರೆ."

ಚೈತನ್ಯಾ ಹೆಂಗಾದರೂ ಮಾಡಿದಳು. ಮಸುಕಾದ ಮುಖವನ್ನು ಚೊಕ್ಕ ಮಾಡುವ ಹೊಸ ಸಾಫ್ಟ್‌ವೇರ್ ಒಂದು ಅವಳ ಬಳಿ ಇತ್ತು. ಮಸುಕನ್ನು ಅದಕ್ಕೆ ಕೊಟ್ಟಳು. ಸ್ವಲ್ಪ ಹೊತ್ತಿಗೆ ಒಬ್ಬ ಗಂಡಸಿನ ಮುಖ ಬಂತು. ಹುಬ್ಬು, ಮೂಗು, ತುಟಿಯ ಪಕ್ಕದ ಗೆರೆ ಎಲ್ಲ ಇದ್ದವು. ಕಣ್ಣಿನಲ್ಲಿ ಮಿಂಚೂ ಇತ್ತು. ವೆಂಕಟ್ರಮಣ ತಲೆಯನ್ನು ಆ ಕಡೆ ಈ ಕಡೆ ವಾಲಿಸಿ ನೋಡಿದ. "ಅಪ್ಪನ ಹಾಗೇ... ಅಲ್ವಾ?" ಎಂದು ಅವಳನ್ನೇ ಕೇಳಿದ. ಪಾಪ, ಅವನಿಗೆ ದಣಿವಾಗಿತ್ತು. ಅವಳು ಹೌದೆನ್ನುವ ಹಾಗೆ ತಲೆಯಾಡಿಸಿದಳು. ತಿಳಿನೀಲಿ ಹಿನ್ನೆಲೆ ಹಾಕಿ, ಕಟ್ಟು ಹಾಕಿಸಿ ಕೊಟ್ಟು ಕಳಿಸಿದಳು.

ಮಾರನೇ ದಿನ ಮೆಟ್ಟಿಲ ಕೊನೆಯಲ್ಲಿ ಒಬ್ಬ ಮುದುಕಿ ಬಂದು ನಿಂತಳು. ಕಂಕುಳಲ್ಲಿ ಬಟ್ಟೆ ಸುತ್ತಿದ ಫೋಟೋ. ಸೂತಕದ ಮನೆಯಿಂದ ತಿಥಿಗೆ ಮೊದಲು ಹೆಂಡತಿಯಾದವಳು ಹೊಸ್ತಿಲು ದಾಟುವುದು ಇಲ್ಲಿಯ ಕ್ರಮವಲ್ಲ. ಬಸ್ಸಿನಲ್ಲಿ ಬಂದಿದ್ದಳು.

"ಮಂಜಯ್ಯನ ಹೆಂಡ್ತಿ ನಾನು, ದುರ್ಗಮ್ಮ. ಒಳಗೆ ಬರ್ಲೋ, ಇಲ್ಲೇ ನಿಲ್ಲೋ?"

"ಬನ್ನಿ ದೊಡ್ಡಮ್ಮ, ಕೂತ್ಕಳಿ."

ದುರ್ಗಮ್ಮ ಕೂರಲಿಲ್ಲ. ಬಟ್ಟೆ ಬಿಚ್ಚಿ ಫೋಟೋವನ್ನು ಮೇಜಿನ ಮೇಲಿಟ್ಟಳು. "ಇವ್ರು ಯಾರು?"

ಚೈತನ್ಯಾ ಫೋಟೋವನ್ನು ತನ್ನ ಕಡೆ ತಿರುಗಿಸಿಕೊಂಡಳು.

"ಯಾರೋ ಒಳ್ಳೆಯೋರ ಮನೆಯೋರೇ ಇರ್ಬೇಕು, ಬೈಯ್ಯೋಕೆ ಬಾಯಿ ಬರಲ್ಲ. ಆದ್ರೆ ಗೊತ್ತಿಲ್ಲದ ಗಂಡಸಿನ ಮುಂದೆ ನಾನು ದೀಪ ಹಚ್ಚದು ಹೆಂಗೆ?"

ಸಿಟ್ಟಿನಿಂದ ಅಂದಿದ್ದರೆ ಚೈತನ್ಯಾ ಏನಾದರೂ ಹೇಳುತ್ತಿದ್ದಳು. ದುರ್ಗಮ್ಮ ನಿಜವಾಗಿಯೂ ಕೇಳುತ್ತಿದ್ದಳು. ಚೈತನ್ಯಾ ಕಂಪ್ಯೂಟರ್ ತೆರೆದು, ಇದ್ದದ್ದು ಇದ್ದ ಹಾಗೆ ತೋರಿಸಿದಳು. ಮೊದಲು ನೆತ್ತಿಯ ಚಿತ್ರ. ದುರ್ಗಮ್ಮ ಅದನ್ನು ನೋಡಿ, "ಎಣ್ಣೆ ಹಚ್ಕಳಿ ಅಂದ್ರೆ ಕೇಳ್ತಿರ್ಲಿಲ್ಲ," ಅಂದಳು. ಆಮೇಲೆ ಮದುಮಗಳ ಚಿತ್ರಗಳು. ಯಶಸ್ವಿನಿಯ ಮುಖವನ್ನು ದುರ್ಗಮ್ಮ ಕಣ್ಣೆತ್ತಿಯೂ ನೋಡಲಿಲ್ಲ. ಪರದೆಯ ಮೇಲೆ ಬೆರಳಿಟ್ಟಳು.

"ಇಲ್ಲಿದಾರಲ್ಲ. ಇಲ್ಲೂ ಇದಾರೆ. ನೋಡು, ಇಲ್ಲಿ ಕಾಲು ನೋಯ್ತಾ ಉಂಟು ಅವ್ರಿಗೆ, ಒಂದ್ ಕಡೆ ವಾಲಿದಾರೆ. ಇಲ್ಲಿ ನಗ್ತಿದಾರೆ."

ಚೈತನ್ಯಾ ಬಗ್ಗಿ ನೋಡಿದಳು. ಅವಳಿಗೆ ಬಣ್ಣದ ಮಸುಕಿನ ಹೊರತು ಇನ್ನೇನೂ ಕಾಣಲಿಲ್ಲ. ಇದು ದೊಡ್ಡ ಸೆನ್ಸರಿನ ಹಣೆಬರಹ, ಚಿಕ್ಕದರಲ್ಲಿ ತೆಗೆದಿದ್ದರೆ ಹೀಗಾಗುತ್ತಿರಲಿಲ್ಲ ಎಂದು ಹೇಳಲು ಹೊರಟು ಸುಮ್ಮನಾದಳು. ಕುಣಿಯಲಾರದವಳು ನೆಲ ಡೊಂಕು ಅಂದಳಂತೆ. ಲೆನ್ಸಿನ ಬಾಯಿ ಸ್ವಲ್ಪ ಕಿರಿದು ಮಾಡಿದ್ದರೆ ದೊಡ್ಡದರಲ್ಲೂ ಮಂಜಯ್ಯ ಉಳಿಯುತ್ತಿದ್ದರು. ಅವರು ಬೇಡವೆಂದು ಬಾಯಿ ತೆರೆದವಳು ತಾನೇ. ಮೂರು ತಾಲ್ಲೂಕಿನ ಸತ್ತವರನ್ನು ಗುಂಪಿನಿಂದ ಹೆಕ್ಕಿ ಕೊಟ್ಟವಳಿಗೆ, ಹಿಂದೆ ನಿಂತವರು ಯಾಕೆ ಬೇಕಾಗುತ್ತಾರೆ ಎಂಬುದು ಗೊತ್ತಿರಬೇಕಿತ್ತು. ಅವಳಿಗೆ ನಾಚಿಕೆಯಾಯಿತು.

"ತಪ್ಪಾಯ್ತು ದೊಡ್ಡಮ್ಮ. ಅವ್ರ ಮುಖ ನಾನು ಕಾಪಾಡ್ಲಿಲ್ಲ."

"ಇದನ್ನೇ ಕೊಡು," ಅಂದಳು ದುರ್ಗಮ್ಮ, ನಗುತ್ತಿದ್ದಾರೆಂದು ತಾನು ಹೇಳಿದ ಚಿತ್ರ ತೋರಿಸಿ. "ಹುಡುಗೀನ ಬಿಡಿಸು. ಇವ್ರು ಹೆಂಗಿದಾರೋ ಹಂಗೇ ಇರ್ಲಿ."

"ತಿಥಿಗೆ ಬಂದೋರು ಏನಂತಾರೆ? ಯಾರು ಅಂತ್ಲೂ ತಿಳಿಯಲ್ಲ."

"ಅವ್ರಿಗೆ ಊಟ ಕಂಡ್ರೆ ಸಾಕು. ನಂಗೆ ಇವ್ರು ಕಾಣ್ತಾರಲ್ಲ."

ಚೈತನ್ಯಾ ಹಾಗೆಯೇ ಮಾಡಿದಳು. ಹಿಂದಿನ ಬಣ್ಣವನ್ನೂ ಬದಲಿಸಲಿಲ್ಲ. ಪ್ರಿಂಟ್ ಹೊರಗೆ ಬರುವಷ್ಟರಲ್ಲಿ ದುರ್ಗಮ್ಮ ಒಳಗಿನ ಕೋಣೆಯಲ್ಲಿ ಪಾಸ್‌ಪೋರ್ಟ್ ಫೋಟೋಕ್ಕೆಂದು ಇಟ್ಟಿದ್ದ ಸ್ಟೂಲಿನ ಮೇಲೆ ಹೋಗಿ ಕೂತಿದ್ದಳು. ಸೆರಗನ್ನು ಸರಿಮಾಡಿಕೊಂಡಿದ್ದಳು.

"ನಂದೊಂದು ತೆಗಿ."

"ಒಬ್ಬರದ್ದೇ ಬೇಡ ದೊಡ್ಡಮ್ಮ," ಅಂದಳು ಚೈತನ್ಯಾ. ಅವಳಿಗೂ ಆ ನಂಬಿಕೆ ಇಲ್ಲದಿರಲಿಲ್ಲ. ಹಿಂದೆ ಬೆಳ್ಳಗಿನ ಪರದೆ ಇಟ್ಟು ಒಬ್ಬ ಮುದುಕಿಯನ್ನು ಅವಳು ಎಂದೂ ತೆಗೆದವಳಲ್ಲ.

"ನನ್ನ ಹುಡುಕ್ಕೊಂಡು ಮಗ ಯಾರ್ಯಾರ ಮದುವೆ ಫೋಟೋ ತಿರುವ್ಬೇಕು? ಆಯಸ್ಸು ಕಡ್ಮೆ ಆದ್ರೆ ಆಗ್ಲಿ, ಈಗ ಜಾಸ್ತಿ ಇದ್ದು ಎಂತ ಮಾಡದುಂಟು. ತೆಗಿ."

ಮೇಜಿನ ಮೇಲಿದ್ದ ಎರಡರಲ್ಲಿ ಚೈತನ್ಯಾ ಚಿಕ್ಕದನ್ನು ಕೈಗೆತ್ತಿಕೊಂಡಳು. ಈ ಸಲವಾದರೂ ಒಂದು ಗೆರೆಯೂ ತಪ್ಪಬಾರದು ಎಂದು ದೀಪಗಳನ್ನು ಹಾಕಿ, ಲೆನ್ಸಿನ ಬಾಯಿ ಕಿರಿದು ಮಾಡಿ ತೆಗೆದಳು. ಚಿತ್ರ ಚೊಕ್ಕವಾಗಿ ಬಂತು. ಹಣೆಯ ಸುಕ್ಕು, ಕಿವಿಯ ಓಲೆಯ ತೂತು, ಅತ್ತು ಕೆಂಪಾದ ಕಣ್ಣಂಚು, ಒಂದೂ ಬಿಟ್ಟಿರಲಿಲ್ಲ. ತಂದು ತೋರಿಸಿದಳು. ದುರ್ಗಮ್ಮ ತೊಡೆಯ ಮೇಲಿದ್ದ ಗಂಡನ ಪ್ರಿಂಟನ್ನು ಅದರ ಪಕ್ಕ ಹಿಡಿದು ಎರಡನ್ನೂ ನೋಡಿದಳು.

"ಇದು ಆಗ್ಲಿಲ್ಲ," ಅಂದಳು. "ಗೋಡೆ ಮೇಲೆ ನಾನು ಇಲ್ಲಿ, ಅವ್ರು ಎಲ್ಲೋ ಅಂತ ಕಾಣ್ತದೆ. ನನ್ನೂ ಅವ್ರ ಹಂಗೇ ಮಾಡು."

"ಮಸುಕಾಗಿ?"

"ಹ್ಞೂಂ. ಅವ್ರಿದ್ದಲ್ಲಿಗೆ ಹಾಕು ನನ್ನ."

ಚೈತನ್ಯಾ ಚಿಕ್ಕದನ್ನು ಕೆಳಗಿಟ್ಟು ದೊಡ್ಡದನ್ನು ತೆಗೆದುಕೊಂಡಳು. ಮಂಜಯ್ಯನವರನ್ನು ತೆಗೆದದ್ದು ಅದೇ ಆಗಿತ್ತು, ಅದೇ ಲೆನ್ಸಿನ ಮಸುಕು ಬರಬೇಕಿತ್ತು. ಲೆನ್ಸಿನ ಬಾಯಿ ಪೂರ್ತಿ ತೆರೆದಳು. ಕ್ಯಾಮೆರಾ ಸುಮ್ಮನಿರಲಿಲ್ಲ. ದುರ್ಗಮ್ಮನ ಕಣ್ಣು ಹುಡುಕಿ, ಹಸಿರು ಚೌಕ ಹಾಕಿ, ಅವಳನ್ನು ಚೊಕ್ಕ ಮಾಡಲು ಹೊರಟಿತು. ಚೈತನ್ಯಾ ಅದರ ಆ ಬುದ್ಧಿಯನ್ನು ಆಫ್ ಮಾಡಿ, ಹಿಂಬದಿಯ ಪರದೆಯನ್ನು ದುರ್ಗಮ್ಮನಿಗೇ ಕಾಣುವ ಹಾಗೆ ಮಡಚಿ ತಿರುಗಿಸಿ, ಫೋಕಸ್ ಹೊಂದಿಸುವ ಲೆನ್ಸಿನ ಬಳೆಯನ್ನು ಕೈಯಿಂದ ಮೆಲ್ಲಗೆ ತಿರುಗಿಸಿದಳು. ಮೊದಲು ಕಣ್ಣಂಚು ಹೋಯಿತು. ಆಮೇಲೆ ಸುಕ್ಕುಗಳು ಹೋದವು.

"ಸಾಕಾ ದೊಡ್ಡಮ್ಮ?"

"ಇನ್ನೂ ಸ್ವಲ್ಪ."

ಮೂಗು, ತುಟಿ ಕರಗಿದವು. ಇಷ್ಟು ವರ್ಷ ಚೈತನ್ಯಾ ಮಸುಕಿನಿಂದ ಮುಖ ಹೊರಗೆ ತಂದವಳೇ ಹೊರತು ಯಾರನ್ನೂ ಕೈಯಾರೆ ಅದರೊಳಗೆ ಕಳಿಸಿದವಳಲ್ಲ.

ದುರ್ಗಮ್ಮ ಪರದೆಯನ್ನು ನೋಡಿದಳು, ತೊಡೆಯ ಮೇಲಿನ ಪ್ರಿಂಟನ್ನು ನೋಡಿದಳು, ಮತ್ತೆ ಪರದೆಯನ್ನು ನೋಡಿದಳು. "ಹಾಂ," ಅಂದಳು. "ಈಗ ಬಂದೆ."

ಪ್ರಿಂಟ್ ಆದ ಮೇಲೆ ಅವಳು ಎರಡು ಫೋಟೋಗಳನ್ನೂ ಒಂದೇ ಬಟ್ಟೆಯಲ್ಲಿ ಸುತ್ತಿಕೊಂಡು ಹುಲಿಕಲ್ ಬಸ್ಸು ಹತ್ತಿದಳು. ತಿಳಿನೀಲಿ ಹಿನ್ನೆಲೆಯ ಅಪರಿಚಿತ ಮಾತ್ರ ಮೇಜಿನ ಮೇಲೆ ಉಳಿದ.

ಸಂಜೆ ಉಮೇಶನ ಫೋನ್ ಬಂತು. "ಶ್ರೀರಂಗ ಬಂದಿದಾನೆ ಮಾರಾಯ್ತಿ. ಯಾವ್ದು ಇಟ್ಕೊಳ್ತೀಯ?"

"ದೊಡ್ಡದು."

"ನಂಗೆ ಮೊದ್ಲೇ ಗೊತ್ತಿತ್ತು. ಆ ಬ್ಲರ್ ನೋಡಿ ತಾನೆ?"

ಚೈತನ್ಯಾ ಮೇಜಿನ ಮೇಲಿದ್ದ ಅಪರಿಚಿತನ ಫೋಟೋವನ್ನು ಬೋರಲು ಹಾಕಿದಳು.

"ಹೌದು ಉಮೇಶಣ್ಣ," ಅಂದಳು.